ಎರಡನೇ ನಂಬರಿನ ಇಂಜೆಕ್ಟರು

ನಿತ್ಯಾನಂದ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಗ್ರೆಗರಿ ಕ್ರಾಸ್ತಾ ಯಾವುದೋ ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯನ್ನು ಬಿಚ್ಚಿಕೊಂಡು ಕೂತಿದ್ದ. ಕುದ್ರೋಳಿಯಿಂದ ಹಳೆ ಬಂದರಿನ ಕಡೆಗೆ ಹೋಗುವ ದಾರಿಯಲ್ಲಿ, ಒಣಮೀನಿನ ಗೋದಾಮಿಗೆ ತಾಗಿಕೊಂಡು ಅವನ ಅಂಗಡಿ. ಸೂಕ್ಷ್ಮದರ್ಶಕ, ರಕ್ತದೊತ್ತಡ ನೋಡುವ ಯಂತ್ರ, ಹಲ್ಲಿನ ಡಾಕ್ಟರರ ಡ್ರಿಲ್ಲು, ಹೀಗೆ ಬೇರೆಯವರು ಕೈಹಾಕಲು ಹೆದರುವ ಸಣ್ಣ ಸಾಮಾನುಗಳೆಲ್ಲ ಅಲ್ಲಿಗೆ ಬರುತ್ತಿದ್ದವು.

"ಭಾವ ನಿಮ್ಮನ್ನು ಕರೀಲಿಕ್ಕೆ ಹೇಳಿದ್ದಾರೆ" ಎಂದ ನಿತ್ಯಾನಂದ. ಅವನ ಭಾವ ಎಂದರೆ ಕಣ್ಣಿನ ಡಾಕ್ಟರ್ ಸರ್ವೋತ್ತಮ ಅಡಪ. ಅವರ ಆಸ್ಪತ್ರೆಗೆ ಇವನೇ ಮ್ಯಾನೇಜರು. "ಅಮೆರಿಕದಿಂದ ತಂದ ಸಾಮಾನು ಹಾಳಾಗಿದೆ. ರಿಪೇರಿ ಬೇಡ. ಹೇಗೆ ಹಾಳಾಯ್ತು, ಯಾರಿಂದ ಹಾಳಾಯ್ತು ಅಂತ ನೋಡಿ ಬರೆದು ಕೊಡಬೇಕು."

"ಅಲ್ಲಿ ಆಪರೇಶನ್ ಥಿಯೇಟರಿನ ಸಿಸ್ಟರ್ ಯಾರು?" ಗೊತ್ತಿದ್ದೇ ಕೇಳಿದ ಗ್ರೆಗರಿ.

"ಫ್ಲಾವಿಯಾ ರೇಗೊ. ಎಂತಕ್ಕೆ?"

"ಸುಮ್ಮನೆ. ನಾಳೆ ಬೆಳಿಗ್ಗೆ ಬರ್ತೇನೆ."

ನಿತ್ಯಾನಂದ ಹೋದ ಮೇಲೆ ಗ್ರೆಗರಿಗೆ ತಕ್ಕಡಿಯ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಎಂಟು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಅವನು ಊರಿನ ಒಂದು ಹಳೆಯ ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಬಟ್ಟೆ, ಹತ್ತಿ, ಕತ್ತರಿಗಳನ್ನು ಆವಿಯಲ್ಲಿ ಶುದ್ಧಮಾಡುವ ದೊಡ್ಡ ಹಂಡೆಯ ಒತ್ತಡವನ್ನು ವಾರಕ್ಕೊಮ್ಮೆ ಪರೀಕ್ಷಿಸಿ ಸಹಿ ಹಾಕುವುದು ಅವನ ಜವಾಬ್ದಾರಿ. ಒಂದು ವಾರ ಹಂಡೆ ಸರಿಯಾಗಿ ಕಾಯಲೇ ಇಲ್ಲ. ಮೂರು ಜನರ ಗಾಯ ಕೀವಾಯಿತು. ವಿಚಾರಣೆಯಲ್ಲಿ, ಆಗ ಅಲ್ಲೇ ನರ್ಸ್ ಆಗಿದ್ದ ಫ್ಲಾವಿಯಾ ಎದ್ದು ನಿಂತು, "ಇವರು ಹಂಡೆಯ ಹತ್ತಿರ ಬರಲೇ ಇಲ್ಲ. ಕ್ಯಾಂಟೀನಿನಲ್ಲಿ ಕೂತು ಸಹಿ ಹಾಕಿದ್ದನ್ನು ನಾನು ನೋಡಿದ್ದೇನೆ" ಎಂದಳು. ಅವನ ಕೆಲಸ ಹೋಯಿತು. ಅವಳು ಸುಳ್ಳು ಹೇಳಿದಳು ಎಂದು ಗ್ರೆಗರಿ ತಾನಿದ್ದ ಜೆಪ್ಪುವಿಡೀ ಹೇಳಿಕೊಂಡು ತಿರುಗಿದ. ಅವನ ಹೆಂಡತಿ ಜೆಸ್ಸಿ ಇವತ್ತಿಗೂ ಅದನ್ನು ನಂಬಿದ್ದಳು. ಆದಿತ್ಯವಾರದ ಪೂಜೆಗೆ ಇಗರ್ಜಿಯಲ್ಲಿ ಫ್ಲಾವಿಯಾ ಬಲಗಡೆ ಕೂತರೆ ಇವರ ಮನೆಯವರು ಎಡಗಡೆ ಕೂರುತ್ತಿದ್ದರು. ಅವಳು ಹೇಳಿದ್ದು ನಿಜ ಎಂದು ಗೊತ್ತಿದ್ದವರು ಇಬ್ಬರೇ: ಅವಳು ಮತ್ತು ಅವನು.

ಅವಳನ್ನು ಕ್ಷಮಿಸಲು ಅವನಿಗೆ ಆಗದೆ ಇದ್ದದ್ದು ಬಹುಶಃ ಅದರಿಂದಲೇ.

ಮರುದಿನ ಡಾಕ್ಟರ್ ಅಡಪ ತಮ್ಮ ಕೋಣೆಯಲ್ಲಿ ವಿಷಯ ವಿವರಿಸಿದರು. ಐವತ್ತರ ಸಮೀಪದ ಎತ್ತರದ ಆಳು, ಮಾತು ದೊಡ್ಡದು. ಕಣ್ಣಿನ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಕೂರಿಸುವುದು ಮಂಗಳೂರಿಗೆ ಬಂದು ಕೆಲವೇ ವರ್ಷಗಳಾಗಿದ್ದವು. ಅದೂ ಗಟ್ಟಿ ಲೆನ್ಸು, ದೊಡ್ಡ ಗಾಯ, ಏಳೆಂಟು ಹೊಲಿಗೆ. ಅಡಪರು ಮೂರು ತಿಂಗಳು ಅಮೆರಿಕಕ್ಕೆ ಹೋಗಿ ಹೊಸ ವಿದ್ಯೆ ಕಲಿತು ಬಂದಿದ್ದರು. ಮೆತ್ತನೆಯ ಲೆನ್ಸನ್ನು ಮಡಚಿ ಸಣ್ಣ ಉಕ್ಕಿನ ಕೊಳವೆಯೊಳಗೆ ಇಡುವುದು, ಹಿಂದಿನಿಂದ ಕಡ್ಡಿಯಲ್ಲಿ ತಳ್ಳುವುದು. ಲೆನ್ಸು ಕೊಳವೆಯ ಮೂತಿಯಿಂದ ಕಣ್ಣಿನೊಳಗೆ ಜಾರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಕೊಳವೆಗೇ ಇಂಜೆಕ್ಟರ್ ಎಂದು ಹೆಸರು. ಅಂಥ ಆರನ್ನು ಅವರು ತಂದಿದ್ದರು.

"ಮೊದಲ ತಿಂಗಳು ಫಸ್ಟ್ ಕ್ಲಾಸ್ ನಡೀತು ಮಾರಾಯ್ರೇ. ಆಮೇಲೆ ಒಂದೊಂದೇ ಹಾಳು. ಲೆನ್ಸಿನ ಮೇಲೆ ಗೀರು, ಅಂಚು ಹರಿದು ಬರುವುದು. ಹೋದ ವಾರ ಕುಶಲಾ ಅಂತ ಹೊಲಿಗೆ ಟೀಚರು. ಲೆನ್ಸು ಕಣ್ಣಿನೊಳಗೇ ಎರಡು ತುಂಡು. ಎಲ್ಲ ಹೊರಗೆ ತೆಗೀಬೇಕಾಯ್ತು. ಈಗ ಅವರ ಕಡೆಯಿಂದ ವಕೀಲರ ನೋಟೀಸು." ಅಡಪರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ 'ಪೊರ್ಬು' ಎಂದು ಕರೆದರು. "ತೊಳೆಯುವುದು, ಕಾಯಿಸುವುದು ಎಲ್ಲ ಸಿಸ್ಟರ್ ಫ್ಲಾವಿಯಾ. ಅವಳ ಕೈ ಒರಟು. ನೀವು ನೋಡಿ ಬರೀರಿ ಪೊರ್ಬುಗಳೇ. ನಮ್ಮ ಆಸ್ಪತ್ರೆಯ ಎಲ್ಲ ಯಂತ್ರ ನೋಡಿಕೊಳ್ಳಲಿಕ್ಕೆ ಒಬ್ಬರು ಕಾಯಂ ಬೇಕು. ಅದನ್ನೂ ಮಾತಾಡುವ."

ಏನು ಬರೆಯಬೇಕೆಂದು ಇನ್ನೂ ಸ್ಪಷ್ಟವಾಗಿ ಹೇಳುವ ಅಗತ್ಯ ಇರಲಿಲ್ಲ.

ಥಿಯೇಟರಿನ ಪಕ್ಕದ ಕೋಣೆಯಲ್ಲಿ ಫ್ಲಾವಿಯಾ ಹಸಿರು ಬಟ್ಟೆ ಹಾಸಿ ಆರು ಇಂಜೆಕ್ಟರುಗಳನ್ನು ಸಾಲಾಗಿ ಇಟ್ಟಿದ್ದಳು. ನಲವತ್ತೆರಡು ವರ್ಷ, ಬಿಗಿಯಾಗಿ ಕಟ್ಟಿದ ಕೂದಲು, ಕಿವಿಯಲ್ಲಿ ಸಣ್ಣ ಮುತ್ತು. ಅವನನ್ನು ಕಂಡು ಅವಳ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ.

"ಅವರಿಗೆ ಬೇರೆ ಜನ ಸಿಕ್ಕಲಿಲ್ಲವಾ?" ಎಂದಳು ಕೊಂಕಣಿಯಲ್ಲಿ.

"ಬೇರೆಯವರಿಗೆ ಈ ಕೆಲಸ ಗೊತ್ತಿಲ್ಲ."

"ನಿಮಗೆ ಗೊತ್ತುಂಟು ಅಂತ ಯಾರು ಹೇಳಿದ್ದು? ಈ ಸಲವಾದರೂ ಸಾಮಾನನ್ನು ಮುಟ್ಟಿ ನೋಡಿ ಸಹಿ ಹಾಕಿ."

ಗ್ರೆಗರಿಯ ಕಿವಿ ಬಿಸಿಯಾಯಿತು. "ಸಿಸ್ಟರ್, ನಿಮ್ಮ ಕೆಲಸ ಹೋಗುವುದೂ ಇರುವುದೂ ಈಗ ನನ್ನ ಪೆನ್ನಿನಲ್ಲಿ ಉಂಟು. ಸ್ವಲ್ಪ ನೋಡಿಕೊಂಡು ಮಾತಾಡಿ."

"ಗೊತ್ತುಂಟು. ಅದಕ್ಕೇ ಹೇಳಿದ್ದು." ಅವಳು ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಪ್ರತಿ ಇಂಜೆಕ್ಟರಿನ ಮೇಲೆ ನಂಬರು ಕೆತ್ತಿದೆ. ಯಾವ ದಿವಸ, ಯಾವ ನಂಬರು, ಯಾರ ಕಣ್ಣಿಗೆ, ಎಲ್ಲ ಇದರಲ್ಲಿ ಬರೆದಿದ್ದೇನೆ. ಡಾಕ್ಟರು ಕೇಳಿದ್ದಲ್ಲ, ನಾನೇ ಬರೆದಿಟ್ಟದ್ದು."

ಅವಳು ಹೊರಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೈಕಟ್ಟಿ ನಿಂತುಕೊಂಡಳು, ಅವನೇನಾದರೂ ಕದಿಯುತ್ತಾನೋ ಎಂಬಂತೆ.

ಗ್ರೆಗರಿ ಸೂಕ್ಷ್ಮದರ್ಶಕದ ದೀಪ ಹಾಕಿದ. ಕೈಗೆ ಮೊದಲು ಸಿಕ್ಕಿದ್ದು ಎರಡನೇ ನಂಬರಿನದ್ದು. ಮೂತಿಯನ್ನು ಬೆಳಕಿಗೆ ತಿರುಗಿಸಿದಾಗ ಅವನ ಎದೆಯಲ್ಲಿ ಸಂತೋಷವೊಂದು ಕುಣಿಯಿತು. ಮೂತಿಯ ಅಂಚು ಒಳಮುಖವಾಗಿ ಬಗ್ಗಿತ್ತು. ಅಲ್ಲಿಂದ ಹೊರಟ ಒಂದು ಗೀರು ಒಳಗೆ ಒಳಗೆ ಹೋಗುತ್ತ ತೆಳುವಾಗಿತ್ತು. ಹೊರಗಿನಿಂದ ಯಾರೋ ಗಟ್ಟಿ ತಂತಿ ತುರುಕಿದ ಗುರುತು. ಡಾಕ್ಟರು ಆಪರೇಶನ್ ಮಾಡುವಾಗ ಮೂತಿಯೊಳಗೆ ತಂತಿ ತುರುಕುವುದಿಲ್ಲ. ತೊಳೆಯುವವರು ತುರುಕುತ್ತಾರೆ. ಅಂಚಿನಲ್ಲಿ ಒಂದು ಚೂರು ಹಾರಿಹೋಗಿತ್ತು ಕೂಡ.

ಸಿಕ್ಕಿಬಿದ್ದಳು ಎಂದುಕೊಂಡ. ತಲೆ ಎತ್ತಿ ಅವಳನ್ನು ನೋಡಬೇಕೆನಿಸಿತು, ನೋಡಲಿಲ್ಲ. ಒಂದನೇ ನಂಬರನ್ನು ತೆಗೆದುಕೊಂಡ.

ಅದು ಬೇರೆ ತರ ಇತ್ತು. ಗೀರುಗಳು ಲೆನ್ಸ್ ಇಡುವ ಜಾಗದಿಂದ ಶುರುವಾಗಿ ಮೂತಿಯ ಕಡೆಗೆ ಬರುತ್ತ ಆಳವಾಗಿದ್ದವು. ಅಂಚು ಹೊರಕ್ಕೆ ಅರಳಿತ್ತು. ತಳ್ಳುವ ಕಡ್ಡಿಯ ತುದಿ ಸೊಟ್ಟಗಾಗಿತ್ತು. ಮೂರನೆಯದು, ನಾಲ್ಕನೆಯದು, ಐದನೆಯದು ಎಲ್ಲ ಹಾಗೆಯೇ. ಗೀರಿನ ಸಂದಿಯಲ್ಲಿ ಲೆನ್ಸಿನದೇ ಮೆತ್ತನೆಯ ಪುಡಿ ಅಂಟಿ ಒಣಗಿತ್ತು. ಒಳಗೆ ಸಿಕ್ಕಿಕೊಂಡ ಲೆನ್ಸನ್ನು ಯಾರೋ ಬಲ ಹಾಕಿ ನೂಕಿದ್ದರು. ಕಡ್ಡಿ ಲೆನ್ಸಿನ ಮೇಲೇರಿ ಕೊಳವೆಯ ಗೋಡೆಯನ್ನೇ ಉತ್ತಿತ್ತು. ಆರನೆಯದು ಮಾತ್ರ ಕನ್ನಡಿಯಂತೆ ಇತ್ತು.

ಗ್ರೆಗರಿ ಎರಡು ದಿನ ಅದೇ ಕೋಣೆಯಲ್ಲಿ ಕೂತ. ಪ್ರತಿಯೊಂದನ್ನೂ ನಾಲ್ಕು ನಾಲ್ಕು ಸಲ ನೋಡಿದ. ಇನ್ನೊಂದು ಅರ್ಥ ಬರುತ್ತದೋ ಎಂದು ಗುರುತುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಬರಲಿಲ್ಲ. ಕೊನೆಗೆ ಫ್ಲಾವಿಯಾಳ ಪುಸ್ತಕ ತೆರೆದ. ಮೊದಲ ತಿಂಗಳಿನ ಪ್ರತಿ ಆಪರೇಶನ್ನಿನ ಎದುರು 'ಜೆಲ್ಲಿ' ಎಂದಿತ್ತು. ಜನವರಿ ಹನ್ನೆರಡರಿಂದ ಆಚೆ 'ಸಲೈನ್' ಎಂದಿತ್ತು. ಆರನೇ ನಂಬರು ಡಿಸೆಂಬರಿನ ನಂತರ ಹೊರಗೆ ಬಂದೇ ಇರಲಿಲ್ಲ.

"ಈ ಜೆಲ್ಲಿ ಎಂತದ್ದು?" ಎರಡು ದಿನದಲ್ಲಿ ಅವಳನ್ನು ಕೇಳಿದ ಮೊದಲ ಪ್ರಶ್ನೆ.

"ಲೆನ್ಸ್ ಜಾರಲಿಕ್ಕೆ ಕೊಳವೆಗೆ ತುಂಬುವುದು. ಅದೂ ಅಮೆರಿಕದಿಂದಲೇ ಬರಬೇಕು. ಮುಗೀತು. ಬರುವವರೆಗೆ ಹಳೇ ಲೆನ್ಸೇ ಹಾಕುವ ಅಂತ ಹೇಳಿದೆ. ಪೇಪರಿನಲ್ಲಿ ಫೋಟೊ ಬಂದಾಗಿದೆ, ಜನ ಹೊಸತೇ ಕೇಳ್ತಾರೆ, ಸಲೈನ್ ನೀರು ಸಾಕು ಅಂತ ಡಾಕ್ಟರು ಅಂದ್ರು. ಹೆಚ್ಚು ಮಾತಾಡಿದರೆ ಮನೆಗೆ ಕಳಿಸ್ತೇನೆ ಅಂತಲೂ ಅಂದ್ರು."

"ಇದನ್ನು ನೀವು ಮೊದಲೇ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳುವುದು? ನಿಮಗಾ?"

ಮೂರನೇ ದಿನ ಅಡಪರೂ ನಿತ್ಯಾನಂದನೂ ಆ ಕೋಣೆಗೆ ಬಂದರು. ಗ್ರೆಗರಿ ಒಂದು ಹಳೆ ಲೆನ್ಸನ್ನು, ಆಪರೇಶನ್ನಿನಲ್ಲಿ ಬೇಡವೆಂದು ತೆಗೆದಿಟ್ಟದ್ದನ್ನು, ಆರನೇ ನಂಬರಿನೊಳಗೆ ಮಡಚಿ ಇಟ್ಟಿದ್ದ. ಸಲೈನ್ ತುಂಬಿದ್ದ.

"ಡಾಕ್ಟ್ರೇ, ಇದನ್ನು ಒಮ್ಮೆ ತಳ್ಳಿ."

"ಎಂತ ನಾಟಕ ಇದು?"

"ತಳ್ಳಿ ನೋಡಿ. ಇದು ಹೊಸದರ ಹಾಗೆ ಉಂಟು. ಸಿಸ್ಟರು ಹಾಳು ಮಾಡಿಲ್ಲ."

ಅಡಪರು ಇಂಜೆಕ್ಟರನ್ನು ಅವನ ಕೈಯಿಂದ ಕಸಿದುಕೊಂಡರು. ಕಡ್ಡಿ ಅರ್ಧದವರೆಗೆ ಹೋಗಿ ನಿಂತಿತು. ಅವರು ಹುಬ್ಬು ಗಂಟಿಕ್ಕಿ ಹೆಬ್ಬೆರಳಿನ ಬಲ ಹಾಕಿದರು. ಇನ್ನೂ ಬಲ ಹಾಕಿದರು. 'ಕರಕ್' ಎಂದಿತು. ಮೂತಿಯಿಂದ ಲೆನ್ಸಿನ ಅರ್ಧ ತುಂಡು ಹಸಿರು ಬಟ್ಟೆಯ ಮೇಲೆ ಬಿತ್ತು. ಇನ್ನರ್ಧ ಬರಲಿಲ್ಲ.

ಗ್ರೆಗರಿ ಆ ಇಂಜೆಕ್ಟರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಕ್ಕದಲ್ಲಿ ಕುಶಲಾಳ ಕಣ್ಣಿಗೆ ಬಳಸಿದ್ದ ನಾಲ್ಕನೇ ನಂಬರನ್ನು ಇಟ್ಟ. "ನೋಡಿ. ಎರಡರದ್ದೂ ಒಂದೇ ಗುರುತು."

ಅಡಪರು ನೋಡಲಿಲ್ಲ. ಅವರ ಮುಖ ಕೆಂಪಾಗಿತ್ತು. "ಹಾಗಾದರೆ ತಪ್ಪು ನನ್ನದು. ಅಲ್ಲವಾ? ಇಪ್ಪತ್ತೆರಡು ವರ್ಷದಿಂದ ಕಣ್ಣು ಕೊಯ್ಯುವವನಿಗೆ ವಾಚ್ ರಿಪೇರಿಯವ ಪಾಠ ಹೇಳ್ತಾನೆ!"

"ನಾಲ್ಕು ನಿಮ್ಮದು. ಎರಡನೇ ನಂಬರು ನಿಮ್ಮದಲ್ಲ." ಗ್ರೆಗರಿ ಫ್ಲಾವಿಯಾಳ ಕಡೆಗೆ ತಿರುಗಿದ. ಈ ಮಾತಿಗಾಗಿ ಅವನು ಮೂರು ದಿನ ಕಾದಿದ್ದ. "ಅದು ಸಿಸ್ಟರದ್ದು. ಮೂತಿಯಿಂದ ತಂತಿ ತುರುಕಿ ಅಂಚು ಮುರಿದಿದ್ದಾರೆ."

ಫ್ಲಾವಿಯಾ ಗೋಡೆಯಿಂದ ಈಚೆ ಬಂದಳು. "ಸುಳ್ಳು."

"ನೋಡಿ ಮತ್ತೆ."

"ನೋಡಬೇಕಾಗಿಲ್ಲ. ನನ್ನ ಮೇಲಿನ ಹಗೆ ತೀರಿಸಲಿಕ್ಕೆ ಒಂದಾದರೂ ಬೇಕಲ್ಲ ನಿಮಗೆ!"

ಅಡಪರ ದನಿ ತಟ್ಟನೆ ಮೆತ್ತಗಾಯಿತು. "ಅಷ್ಟು ಸಾಕು ಪೊರ್ಬುಗಳೇ. ಎರಡನೇ ನಂಬರಿನ ವಿಷಯ ಮಾತ್ರ ಬರೀರಿ. ಉಳಿದದ್ದು ಗೊತ್ತಾಗಲಿಲ್ಲ ಅಂತ ಬರೆದರೆ ಆಯ್ತು."

ಬೇಡವೆನ್ನಲು ಗ್ರೆಗರಿಗೆ ಸುಲಭವಾಗಲಿಲ್ಲ. ಆ ಹೆಂಗಸು ಇಗರ್ಜಿಯ ಬಲಗಡೆ ಕೂತು ತಲೆ ಎತ್ತಿ ಹಾಡುವುದನ್ನು ಅವನು ಎಂಟು ವರ್ಷ ನೋಡಿದ್ದ. ಒಂದೇ ಒಂದು ಸಾಲು. ಅದೂ ಸುಳ್ಳಲ್ಲ. ಆದರೆ ಮೇಜಿನ ಮೇಲೆ ಹರಿದ ಲೆನ್ಸಿನ ಚೂರು ಬಿದ್ದಿತ್ತು, ಹೊಲಿಗೆ ಟೀಚರ ಕಣ್ಣಿನೊಳಗೆ ಬಿದ್ದದ್ದೂ ಅಂಥದ್ದೇ.

"ಆರನ್ನೂ ಬರೀತೇನೆ. ಇಲ್ಲದಿದ್ದರೆ ಒಂದನ್ನೂ ಬರೆಯುವುದಿಲ್ಲ."

"ಹಾಗಾದರೆ ಹೊರಗೆ ನಡಿ."

ಬಹುವಚನ ಹೋಗಿತ್ತು. ಗ್ರೆಗರಿ ತಾನು ತಂದಿದ್ದ ಭೂತಗನ್ನಡಿಯನ್ನು ಕಿಸೆಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಹೇಳಿದ: "ಎರಡನೇ ನಂಬರಿನ ಮೂತಿಯಿಂದ ಒಂದು ಚೂರು ಉಕ್ಕು ಹಾರಿದೆ. ಅದು ತೊಳೆದ ತಟ್ಟೆಯಲ್ಲಿ ಬಿದ್ದಿದ್ದರೆ ಸರಿ. ಯಾರದ್ದಾದರೂ ಕಣ್ಣಿನಲ್ಲಿ ಬಿದ್ದಿದ್ದರೆ? ಅದನ್ನು ಯಾರಾದರೂ ಯೋಚನೆ ಮಾಡಿದ್ದೀರಾ?"

ಮರುದಿನ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆಯುವಾಗ ಫ್ಲಾವಿಯಾ ಒಣಮೀನಿನ ಗೋದಾಮಿನ ನೆರಳಲ್ಲಿ ನಿಂತಿದ್ದಳು. ಆಸ್ಪತ್ರೆಯ ಬಿಳಿ ಸೀರೆ ಉಟ್ಟಿರಲಿಲ್ಲ. ಕಣ್ಣು ಊದಿಕೊಂಡಿತ್ತು.

"ಒಳಗೆ ಬರುವುದಿಲ್ಲ" ಎಂದಳು. "ಇಲ್ಲೇ ಹೇಳ್ತೇನೆ. ಫೆಬ್ರವರಿ ಮೂರಕ್ಕೆ ಒಂದೇ ದಿವಸ ಒಂಬತ್ತು ಆಪರೇಶನ್ ಇತ್ತು. ಎರಡನೇ ನಂಬರಿನ ಮೂತಿಯಲ್ಲಿ ಲೆನ್ಸಿನ ಚೂರು ಒಣಗಿ ಕೂತಿತ್ತು, ನೀರಿನಲ್ಲಿ ಹೋಗಲಿಲ್ಲ. ಡಾಕ್ಟರು ಒಳಗಿನಿಂದ ಕಿರುಚುತ್ತಾ ಇದ್ದರು. ಒಂದು ಸೂಜಿ ತಂತಿ ಹಾಕಿ ಕುತ್ತಿದೆ. ಟಿಕ್ ಅಂತ ಶಬ್ದ ಬಂತು." ಅವಳು ಗೋದಾಮಿನ ಗೋಡೆಯ ಕಡೆಗೆ ತಿರುಗಿದಳು. "ಕೇಳಿಸಿತ್ತು ನನಗೆ. ಕೇಳಿಸಲಿಲ್ಲ ಅಂತ ಮಾಡಿಕೊಂಡೆ. ತೊಳೆದು, ಕಾಯಿಸಿ, ಒಳಗೆ ಕೊಟ್ಟೆ."

"ನಿನ್ನೆ ಸುಳ್ಳು ಅಂದಿರಿ."

"ಹೌದು. ಅಂದೆ. ನಿಮ್ಮ ಎದುರಿಗೆ ಒಪ್ಪಿಕೊಳ್ಳುವುದಕ್ಕಿಂತ ಸಾಯುವುದು ಒಳ್ಳೆಯದು ಅಂತ ಕಂಡಿತು."

ಅವನಿಗೆ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ. ಅವಳು ಒಂದೇ ರಾತ್ರಿಯಲ್ಲಿ ಮಾಡಿದ್ದನ್ನು ತಾನು ಎಂಟು ವರ್ಷವಾದರೂ ಮಾಡಿಲ್ಲ ಎಂಬುದು ಹೊಳೆದು ಇನ್ನಷ್ಟು ಸಿಟ್ಟು ಬಂತು.

"ಯಾರ ಕಣ್ಣು?" ಎಂದ ಒರಟಾಗಿ.

"ಹಸೈನಾರ್ ಬ್ಯಾರಿ. ಬಜಪೆ. ವಾರದ ನಂತರ ತೋರಿಸಲಿಕ್ಕೆ ಬಂದಿದ್ದರು, ಸರಿ ಇತ್ತು. ಹದಿನೈದನೇ ದಿವಸ ಬರಬೇಕಿತ್ತು, ಬರಲಿಲ್ಲ." ಅವಳು ಕೈಚೀಲ ತೆರೆದು ಒಂದು ಟಾರ್ಚ್ ತೋರಿಸಿದಳು. "ನಾನು ಈಗ ಹೋಗ್ತೇನೆ. ಉಕ್ಕು ಯಾವುದು, ಬೇರೆ ಕಸ ಯಾವುದು ಅಂತ ನನಗಿಂತ ನಿಮಗೆ ಗೊತ್ತು. ಮತ್ತೆ ನಿಮ್ಮ ಭೂತಗನ್ನಡಿ ಬೇಕು. ಇಲ್ಲದಿದ್ದರೆ ಈ ಬಾಗಿಲಿಗೆ ಬರುತ್ತಿರಲಿಲ್ಲ."

ಬಜಪೆಯ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದಿನ ಬಾಗಿಲ ಬಳಿ. ಟಿಕೆಟು ಬೇರೆ ಬೇರೆ. ಇಳಿದ ಮೇಲೂ ಹತ್ತು ಹೆಜ್ಜೆ ಅಂತರ. ಬಿಸಿಲು ನೆತ್ತಿಗೇರಿತ್ತು. ಮಸೀದಿಯ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಹಸೈನಾರ್ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಅರುವತ್ತೈದರ ಮೇಲಿನ ಮುದುಕ, ಬಿಳಿ ಗಡ್ಡ. ಸಿಸ್ಟರನ್ನು ಕಂಡು ಎದ್ದು ನಿಂತರು.

"ಯಾ ಅಲ್ಲಾ, ಸಿಸ್ಟರಮ್ಮ! ಮನೆವರೆಗೆ ಬಂದ್ರಾ? ಮುನೀರಾ, ಚಾಪೆ ಹಾಕು!" ಮಗಳು ಚಾಪೆ ತಂದಳು. ಅವರ ಬಲಗಣ್ಣು ಕೆಂಪಗಿತ್ತು, ನೀರು ಸೋರುತ್ತಿತ್ತು.

"ಯಾವಾಗಿನಿಂದ ಹೀಗೆ?" ಫ್ಲಾವಿಯಾಳ ದನಿ ಥಿಯೇಟರಿನಲ್ಲಿದ್ದಂತೆಯೇ ಗಡುಸಾಗಿತ್ತು.

"ಒಂದು ವಾರ ಆಯ್ತು. ತಂಗಿ ಮಗಳ ಮದುವೆ ಇತ್ತಲ್ಲ, ಅಡಿಗೆ ಹೊಗೆ ತಾಗಿರಬೇಕು. ಕಣ್ಣು ಒಳ್ಳೇದು ಕಾಣ್ತದೆ ಸಿಸ್ಟರಮ್ಮ. ಅದೋ ಆ ಮರದ ಕಾಗೆ ಕಾಣ್ತದೆ."

"ಬರಲಿಕ್ಕೆ ಹೇಳಿದ ದಿವಸ ಬರಬೇಕು. ಮದುವೆಗೆ ಹೋಗಲಿಕ್ಕೆ ಆಗ್ತದೆ, ಆಸ್ಪತ್ರೆಗೆ ಬರಲಿಕ್ಕೆ ಆಗುವುದಿಲ್ಲವಾ?" ಮುದುಕರು ಬೈಸಿಕೊಂಡ ಮಗುವಿನಂತೆ ಹಗ್ಗವನ್ನು ಬದಿಗಿಟ್ಟರು.

ಅವಳು ಅವರನ್ನು ಒಳಕೋಣೆಯ ಕತ್ತಲಲ್ಲಿ ಕೂರಿಸಿ ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದಳು. ಗ್ರೆಗರಿ ಭೂತಗನ್ನಡಿಯನ್ನು ಅವಳಿಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಗಾಜನ್ನು ಅವನ ಕೈಗಿತ್ತು ಪಕ್ಕಕ್ಕೆ ಸರಿದಳು.

ಕಪ್ಪು ಪಾಪೆಯ ಕೆಳಗೆ, ಕಂದು ಬಣ್ಣದ ಭಾಗದಲ್ಲಿ, ಕೂದಲಿನ ತುದಿಯಷ್ಟು ಏನೋ ಕೂತಿತ್ತು. ಬೆಳಕು ಸರಿದಾಗ ಮಿಂಚಿತು. ಅದರ ಸುತ್ತ ತುಕ್ಕಿನ ಬಣ್ಣದ ಸಣ್ಣ ವರ್ತುಲ.

"ಉಕ್ಕೇ" ಎಂದ ಗ್ರೆಗರಿ.

"ಎಂತ ಉಕ್ಕು?" ಎಂದು ಹಸೈನಾರ್ ಕೇಳಿದರು.

ಫ್ಲಾವಿಯಾ ಅವರ ಎದುರು ಕೂತಳು. "ಬ್ಯಾರಿಗಳೇ, ನಿಮ್ಮ ಕಣ್ಣಿನಲ್ಲಿ ಒಂದು ಉಕ್ಕಿನ ಚೂರು ಉಳಿದಿದೆ. ಸಾಮಾನು ತೊಳೆಯುವಾಗ ನಾನು ಮುರಿದದ್ದು. ಡಾಕ್ಟರದ್ದು ತಪ್ಪಲ್ಲ, ನನ್ನದು. ಇವತ್ತೇ ತೆಗೀಬೇಕು. ಬಿಟ್ಟರೆ ಕಣ್ಣು ಹೋಗ್ತದೆ."

ಬಾಗಿಲಲ್ಲಿ ನಿಂತಿದ್ದ ಮುನೀರಾ ಮೊದಲು ಮಾತಾಡಿದಳು. "ನೀವು ಮುರಿದದ್ದಾ? ಮುರಿದು, ಗೊತ್ತಿದ್ದೂ ನಮ್ಮ ಬಾಪಾನ ಕಣ್ಣಿಗೆ ಹಾಕಿದ್ದಾ? ಬಡವರ ಕಣ್ಣು ಅಂತ ಅಲ್ಲವಾ?" ಅವಳ ದನಿ ಏರಿತು. "ಮತ್ತೆ ನಿಮ್ಮ ಕೈಗೇ ಕೊಡಬೇಕಾ ಇವರನ್ನು?"

ಫ್ಲಾವಿಯಾ ತಲೆ ತಗ್ಗಿಸಲಿಲ್ಲ. ಮುನೀರಾ ಬಯ್ಯುವಷ್ಟು ಬಯ್ದು ಮುಗಿಸುವವರೆಗೆ ಅವಳನ್ನು ನೋಡುತ್ತಲೇ ಕೂತಳು. ಕೊನೆಗೆ ಮುದುಕರೇ ಅಂಗಿ ಹಾಕಿಕೊಂಡು ಎದ್ದರು. "ಸಾಕು ಮಗಳೇ. ಬಾ, ಹೋಗುವ."

ಟ್ಯಾಕ್ಸಿಯಲ್ಲಿ ನಾಲ್ವರೂ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಅಡಪರು ಊಟಕ್ಕೆ ಹೊರಟವರು ಮೆಟ್ಟಿಲ ಮೇಲೆಯೇ ನಿಂತರು.

"ಮತ್ತೆ ಎಂತ? ಯಾರನ್ನು ಕರ್ಕೊಂಡು ಬಂದದ್ದು? ನನ್ನ ಮೇಲೆ ಇನ್ನೊಂದು ಕೇಸಾ?"

"ಎರಡನೇ ನಂಬರಿನ ಚೂರು ಇವರ ಕಣ್ಣಿನಲ್ಲಿ ಉಂಟು" ಎಂದಳು ಫ್ಲಾವಿಯಾ. "ತಂತಿ ಹಾಕಿದ್ದು ನಾನು. ನಿನ್ನೆ ಸುಳ್ಳು ಹೇಳಿದೆ. ಅದನ್ನು ನೀವು ಬರೆಸಿಕೊಳ್ಳಿ, ನಾನು ಸಹಿ ಹಾಕ್ತೇನೆ. ಈಗ ತೆಗೀರಿ."

ಅಡಪರು ಅವಳನ್ನೇ ದಿಟ್ಟಿಸಿದರು. ಬೇಕಾಗಿದ್ದ ಮಾತು ಅವರಿಗೆ ಸಿಕ್ಕಿತ್ತು, ಸಾಕ್ಷಿಗಳ ಎದುರಿಗೇ. ಆದರೆ ಅದನ್ನು ಕೇಳಿ ಅವರಿಗೆ ಹಿತವಾದಂತೆ ಕಾಣಲಿಲ್ಲ. "ಥಿಯೇಟರ್ ರೆಡಿ ಮಾಡು" ಎಂದಷ್ಟೇ ಅಂದು ಒಳಗೆ ತಿರುಗಿದರು.

ಗ್ರೆಗರಿ ಹೊರಗೆ ಬೆಂಚಿನ ಮೇಲೆ ಕೂತ. ಮುನೀರಾ ಅವನಿಂದ ದೂರ, ನೆಲದ ಮೇಲೆ ಕೂತಳು. ಬಾಗಿಲಿನ ಆಚೆ ಒಂದು ಮಾತೂ ಕೇಳುತ್ತಿರಲಿಲ್ಲ. ಯಾವಾಗಲೂ ಕಿರುಚುವ ಡಾಕ್ಟರು ಇವತ್ತು ಕಿರುಚುತ್ತಿರಲಿಲ್ಲ. ಮುಕ್ಕಾಲು ಗಂಟೆಯ ನಂತರ ಫ್ಲಾವಿಯಾ ಹೊರಗೆ ಬಂದಳು. ಕೈಯಲ್ಲಿ ಗಾಜಿನ ಸಣ್ಣ ಬಟ್ಟಲು, ಅದರೊಳಗೆ ಬಿಳಿ ಹತ್ತಿ, ಹತ್ತಿಯ ಮೇಲೆ ಕಣ್ಣಿಗೆ ಕಂಡೂ ಕಾಣದ ಒಂದು ಚುಕ್ಕೆ.

"ಅಯಸ್ಕಾಂತಕ್ಕೆ ಬಂತು" ಎಂದು ಮುನೀರಾಳಿಗೆ ಹೇಳಿದಳು. "ಲೆನ್ಸಿಗೆ ಎಂತದೂ ಆಗಿಲ್ಲ. ಕಣ್ಣು ಉಳೀತದೆ." ಮುನೀರಾ ಅವಳನ್ನು ದಾಟಿ ತಂದೆಯ ಹತ್ತಿರ ಓಡಿದಳು.

ಹಿಂದಿನಿಂದ ಅಡಪರು ಬಂದರು. ಟೊಪ್ಪಿಯನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದರು. ಗ್ರೆಗರಿಯನ್ನು ನೋಡದೆಯೇ ಹೇಳಿದರು: "ಆರನ್ನೂ ಬರಿ. ಬರೆದು ನಿತ್ಯಾನಂದನ ಹತ್ತಿರ ಕೊಡು. ಇನ್ನು ಈ ಮೆಟ್ಟಿಲು ಹತ್ತಬೇಡ. ನಿನ್ನ ಮುಖ ನೋಡಲಿಕ್ಕೆ ನನಗೆ ಆಗುವುದಿಲ್ಲ." ಮತ್ತೆ ಫ್ಲಾವಿಯಾಳಿಗೆ, "ನೀನೂ ಅಷ್ಟೆ. ತಿಂಗಳ ಕೊನೆವರೆಗೆ."

"ಕುಶಲಾ ಟೀಚರಿಗೆ ಯಾರು ಹೇಳುವುದು?" ಎಂದು ಅವಳು ಕೇಳಿದಳು.

ಅಡಪರು ಟೊಪ್ಪಿಯನ್ನು ಕಿಸೆಗೆ ತುರುಕಿದರು. "ನಾನೇ ಹೇಳ್ತೇನೆ" ಎಂದರು, ಬೈಗುಳದಂತೆ.

ಅವರು ನಿಜವಾಗಿ ಹೋದರು. ಮರುವಾರ ಕುಶಲಾಳ ಮನೆಯಲ್ಲಿ ಅವರಿಗೆ ಕುರ್ಚಿ ಕೊಡಲಿಲ್ಲವಂತೆ, ನೀರೂ ಕೊಡಲಿಲ್ಲವಂತೆ. ನಿಂತುಕೊಂಡೇ ಹೇಳಿ ಬಂದರು ಎಂದು ನಿತ್ಯಾನಂದ ಆಮೇಲೆ ಯಾರ ಹತ್ತಿರವೋ ಹೇಳಿದ್ದ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಗಟ್ಟಿ ಲೆನ್ಸು ಹಾಕಿಸಿ ಕೊಟ್ಟದ್ದು ಅಡಪರೇ. ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಬರಲು ಅವಳಿಗೆ ಐದು ತಿಂಗಳು ಹಿಡಿಯಿತು. ಅಡಪರು ಜೆಲ್ಲಿ ಬಂದ ಮೇಲೂ ಎರಡು ವರ್ಷ ಇಂಜೆಕ್ಟರ್ ಮುಟ್ಟಲಿಲ್ಲ.

ಫ್ಲಾವಿಯಾ ಏಪ್ರಿಲಿನಲ್ಲಿ ಮಸ್ಕತ್ತಿನ ಒಂದು ಆಸ್ಪತ್ರೆಗೆ ಹೊರಟಳು. ಹೊರಡುವ ಮುಂಚಿನ ಆದಿತ್ಯವಾರ ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿಯುತ್ತಿದ್ದಾಗ ಗ್ರೆಗರಿ ಅವಳಿಗೆ ಎದುರಾದ. ಜೆಸ್ಸಿ ಗಂಡನ ತೋಳು ಎಳೆದಳು. ಅವನು ಕದಲಲಿಲ್ಲ.

"ಎಂಬತ್ತನೇ ಇಸವಿಯಲ್ಲಿ ನಾನು ಕ್ಯಾಂಟೀನಿನಲ್ಲೇ ಕೂತಿದ್ದೆ" ಎಂದ, ಹೆಂಡತಿಗೂ ಅಕ್ಕಪಕ್ಕದವರಿಗೂ ಕೇಳುವಂತೆ. "ಹಂಡೆಯ ಹತ್ತಿರ ಹೋಗಿರಲಿಲ್ಲ. ಇವರು ಹೇಳಿದ್ದು ನಿಜ."

ಜೆಸ್ಸಿಯ ಕೈ ಅವನ ತೋಳಿನಿಂದ ಜಾರಿತು. ಸುತ್ತ ಇದ್ದವರು ತಿರುಗಿ ನೋಡಿದರು.

ಫ್ಲಾವಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಗ ಗಾಯ ಕೀವಾದ ಮೂವರಲ್ಲಿ ಒಬ್ಬಳದ್ದು ಎರಡು ವರ್ಷ ವಾಸಿಯಾಗಲಿಲ್ಲ" ಎಂದಳು. "ಬೋಳಾರದಲ್ಲಿದ್ದಾಳೆ, ನಳಿನಾಕ್ಷಿ ಅಂತ. ನನಗೆ ಹೇಳಿ ಎಂತ ಪ್ರಯೋಜನ? ಅವಳಿಗೆ ಹೋಗಿ ಹೇಳಿ."

ಅವಳು ಕೊಡೆ ಬಿಡಿಸಿ ಬಿಸಿಲಿಗೆ ಇಳಿದಳು. ಗ್ರೆಗರಿಗೆ ಅವಳ ಮೇಲಿನ ದ್ವೇಷ ಆಗಲೂ ಹೋಗಲಿಲ್ಲ, ಆಮೇಲೂ ಪೂರ್ತಿ ಹೋಗಲಿಲ್ಲ. ಜೆಸ್ಸಿ ಒಬ್ಬಳೇ ಮನೆಯ ದಾರಿ ಹಿಡಿದಳು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಬೋಳಾರದ ಕಡೆಗೆ ನಡೆದ.